ಲಿವರ್ ರೋಗಿಗೆ ವಿಆರ್ ಕನ್ನಡಕದಲ್ಲಿ ಪಥ್ಯದ ಪಾಠ: ಹಾಸನದ ಒಬ್ಬ ಅಡುಗೆಯವನ ವಿಮರ್ಶೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಹಾಸನದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಲಿವರ್ ಕಾಯಿಲೆಯವರಿಗೆ ವಿಆರ್ ಕನ್ನಡಕ, ಎಂದರೆ ಕಣ್ಣೆದುರು ನಿಜದಂಥ ಕಲ್ಪಿತ ಲೋಕ ತೋರಿಸುವ ಕನ್ನಡಕ, ತೊಡಿಸಿ ಆಹಾರ ಸಲಹೆ ಕೊಡುತ್ತಿದ್ದಾರೆ. ಕನ್ನಡಕಕ್ಕೆ ನನ್ನ ಕಡೆಯಿಂದ ಐದಕ್ಕೆ ಎರಡೂವರೆ. ಪಕ್ಕದಲ್ಲಿ ಕುಳಿತು ಅದನ್ನು ನಡೆಸುವ ಆಹಾರ ತಜ್ಞೆಗೆ ಐದಕ್ಕೆ ಐದು. ಕನ್ನಡಕ ಬೇಕೆಂದವರಿಗೆ ಇಬ್ಬರನ್ನೂ ಒಂದೇ ರಸೀದಿಯಲ್ಲಿ ಕಟ್ಟಿ ಕೊಡುವುದರಿಂದ ಹೋಗಬೇಕೋ ಬೇಡವೋ ಎಂದು ಕೇಳುವವರಿಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನನ್ನ ಕಸುಬು ತಿಳಿದರೆ ನನ್ನ ತಕರಾರುಗಳೂ ಅರ್ಥವಾಗುತ್ತವೆ. ಹಾಸನ, ಹೊಳೆನರಸೀಪುರ, ಅರಸೀಕೆರೆ ಸುತ್ತಿನ ಛತ್ರಗಳಲ್ಲಿ ಮದುವೆ, ಉಪನಯನ, ಸಮಾರಾಧನೆಗಳಿಗೆ ಅಡುಗೆ ಮಾಡುವವನು ನಾನು. ನಮ್ಮಲ್ಲಿ ನೈವೇದ್ಯಕ್ಕೆ ಮೊದಲು ಅಡುಗೆಯನ್ನು ನಾಲಗೆಗೆ ತಾಗಿಸುವಂತಿಲ್ಲ. ಉಪ್ಪು ಸರಿಯಾಗಿದೆಯೇ ಎಂಬುದು ಕೈಗೆ ಮತ್ತು ಮೂಗಿಗೆ ಗೊತ್ತಾಗಬೇಕು. ಮುನ್ನೂರು ಎಲೆಯ ಹುಳಿಗೆ ಉಪ್ಪು ಹಾಕಿ, ರುಚಿ ನೋಡದೆ ಕೆಳಗಿಳಿಸಿ, ಪಂಕ್ತಿಯಲ್ಲಿ ಯಾರೂ ಎಲೆಯ ತುದಿಯ ಉಪ್ಪನ್ನು ಮುಟ್ಟದೆ ಎದ್ದರೆ ಆ ದಿನ ಗೆದ್ದಂತೆ. ಇಂಥವನಿಗೆ ವೈದ್ಯರು ಉಪ್ಪು ಕಡಿಮೆ ಮಾಡಿ ಎಂದರು.

ಕಾಯಿಲೆಯ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇತ್ತು, ಹೊಟ್ಟೆ ಅದಕ್ಕಿಂತ ಮೊದಲಿನಿಂದ ಇತ್ತು. ಕಾಲು ಊದಿತು, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು, ಸ್ಕ್ಯಾನ್ ಮಾಡಿ ಸಿರೋಸಿಸ್, ಎಂದರೆ ಲಿವರ್ ಗಾಯದ ಕಲೆಗಳಿಂದ ಗಂಟುಗಟ್ಟಿದೆ, ಎಂದರು. ಲಿವರ್ ಎಂದ ಕೂಡಲೇ ಊರಿನ ಬಾಯಿ ಒಂದೇ ದಿಕ್ಕಿಗೆ ತಿರುಗುತ್ತದೆ. ಭಟ್ಟರೂ ಗುಟ್ಟಾಗಿ ಕುಡಿಯುತ್ತಿದ್ದರಂತೆ ಎಂದು ನನ್ನ ಕೈಯ ಊಟ ಉಂಡವರೇ ಆಡಿಕೊಂಡರು. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಸೇರಿ ಲಿವರಿನಲ್ಲಿ ಕೊಬ್ಬು ಕೂರಿಸಿ, ವರ್ಷಗಟ್ಟಲೆ ಒಳಗೊಳಗೆ ಗಾಯ ಮಾಡಿ, ಒಂದು ಹನಿ ಮದ್ಯವಿಲ್ಲದೆಯೂ ಸಿರೋಸಿಸ್ ತನಕ ಒಯ್ಯಬಲ್ಲವು. ಅವರಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ಕನ್ನಡಕ ತೊಡಿಸುವ ಮೊದಲು ಒಂದು ಪರೀಕ್ಷೆ ಇದೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂದು ಕೇಳುತ್ತಾರೆ. ತಮಾಷೆ ಎಂದುಕೊಳ್ಳಬೇಡಿ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಕೆಟ್ಟ ಲಿವರ್ ಶುದ್ಧ ಮಾಡಲಾರದೆ ಹೋದಾಗ ಅದು ಮಿದುಳಿಗೆ ಮಂಕು ಹಿಡಿಸುತ್ತದೆ. ಶುರುವಿನಲ್ಲಿ ಮನೆಯವರಿಗೂ ತಿಳಿಯುವುದಿಲ್ಲ, ಇಂಥ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನಾನು ಆನೆಯಿಂದ ಆರಂಭಿಸಿದೆ, ಈ ಜಿಲ್ಲೆಯವನು ಬೇರೆ ಯಾವುದರಿಂದ ಆರಂಭಿಸಿಯಾನು. ನನಗಿಂತ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಹಸು, ಎಮ್ಮೆ, ನಾಯಿ ಎಂದು ನಿಂತುಬಿಟ್ಟರು, ಮತ್ತೆ ಹಸು ಎಂದರು. ಅವರಿಗೆ ಕನ್ನಡಕ ಕೊಡಲೇ ಇಲ್ಲ. ಹಣ ವಾಪಸು ಮಾಡಿ, ವೈದ್ಯರ ಬಳಿ ಕಳುಹಿಸಿ, ಪಥ್ಯದ ವಿಷಯವನ್ನು ಮಗಳಿಗೆ ಕಾಗದದಲ್ಲಿ ಬರೆದುಕೊಟ್ಟರು. ಬಂದ ದುಡ್ಡನ್ನು ಹಿಂದಿರುಗಿಸುವ ವೈದ್ಯಕೀಯ ವ್ಯವಹಾರವನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಈ ಸೇವೆಯ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿ.

ಕೈಯಿರುವ ಕುರ್ಚಿಯಲ್ಲಿ ಕೂರಿಸುತ್ತಾರೆ, ನಿಲ್ಲಲು ಬಿಡುವುದಿಲ್ಲ. ಕನ್ನಡಕ ಸುಮಾರು ಅರ್ಧ ಕಿಲೋ ತೂಗುತ್ತದೆ, ಭಾರವೆಲ್ಲ ಕೆನ್ನೆಯ ಮೂಳೆಯ ಮೇಲೆ. ಎರಡೂ ಕೈಗೆ ಒಂದೊಂದು ಹಿಡಿ ಕೊಡುತ್ತಾರೆ, ಅದರ ಗುಂಡಿ ಒತ್ತಿದರೆ ಒಳಗಿನ ವಸ್ತುವನ್ನು ಎತ್ತಬಹುದು, ಇಡಬಹುದು.

ಮೊದಲ ಭಾಗ ಹೊಟ್ಟೆಯ ಒಳಗೆ ನಡೆಯುತ್ತದೆ. ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ನಿಮ್ಮನ್ನು ಇಳಿಸುತ್ತಾರೆ. ಲಿವರ್ ಗಾಯದ ಗಂಟುಗಳಿಂದ ಬಿಗಿದುಕೊಂಡಿರುವುದರಿಂದ ರಕ್ತ ಮುಂದಕ್ಕೆ ಹೋಗದೆ ಒತ್ತಡ ಏರುತ್ತದೆ. ಮೂತ್ರಪಿಂಡಗಳು ಉಪ್ಪನ್ನು ಹೊರಗೆ ಬಿಡದೆ ಹಿಡಿದಿಡುತ್ತವೆ. ಉಪ್ಪಿನ ಹಿಂದೆ ನೀರು ನಿಲ್ಲುತ್ತದೆ, ಹೊಟ್ಟೆಗೆ ಸೋರುತ್ತದೆ. ಇದನ್ನು ವೈದ್ಯರು ಬಾಯಲ್ಲಿ ಹೇಳಿದ್ದರು. ಕಣ್ಣಿಗೆ ಕಂಡಾಗ ಒಂದು ವಿಷಯ ಬಿಡಿಸಿಟ್ಟಂತೆ ತಿಳಿಯಿತು: ಹೊಟ್ಟೆಯಲ್ಲಿ ನೀರು ನಿಲ್ಲುವುದಕ್ಕೆ ನಾವು ಕುಡಿಯುವ ನೀರು ಕಾರಣವಲ್ಲ, ಉಪ್ಪು ಕಾರಣ. ನೀರು ಬಿಡು ಎಂದು ಸಲಹೆ ಕೊಡುವ ನೆಂಟರು ನನಗೆ ಡಜನ್‌ಗಟ್ಟಲೆ ಇದ್ದಾರೆ. ರಕ್ತದಲ್ಲಿ ಸೋಡಿಯಂ ತೀರಾ ಇಳಿದವರಿಗೆ ಮಾತ್ರ ವೈದ್ಯರು ನೀರಿಗೆ ಮಿತಿ ಹಾಕುತ್ತಾರಂತೆ.

ಅದಕ್ಕಿಂತ ನನ್ನನ್ನು ಅಲ್ಲಾಡಿಸಿದ್ದು ರಾತ್ರಿಯ ದೃಶ್ಯ. ಗೋಡೆ ಗಡಿಯಾರ ಎಂಟರಿಂದ ಬೆಳಗಿನ ಏಳರವರೆಗೆ ಓಡುತ್ತದೆ. ಸರಿಯಿರುವ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಬೆಳಗಿನವರೆಗೂ ಬರುತ್ತದೆ. ಸಿರೋಸಿಸ್ ಆದ ಲಿವರಿನಲ್ಲಿ ಉಗ್ರಾಣ ಮಧ್ಯರಾತ್ರಿಗೇ ಬರಿದಾಗಿ, ದೇಹ ತೊಡೆಯ, ತೋಳಿನ ಮಾಂಸಖಂಡವನ್ನು ಕರಗಿಸಿ ಉರಿಸಲು ತೊಡಗುತ್ತದೆ. ನಮ್ಮಂಥವರ ಒಂದು ರಾತ್ರಿಯ ಖಾಲಿ ಹೊಟ್ಟೆ ಆರೋಗ್ಯವಂತನ ಎರಡು ಮೂರು ದಿನದ ಉಪವಾಸಕ್ಕೆ ಸಮ. ಅದಕ್ಕೇ ಮಲಗುವ ಮುನ್ನ ಸುಮಾರು 50 ಗ್ರಾಂ ಪಿಷ್ಟ ಸಿಗುವಷ್ಟು ಏನಾದರೂ ತಿನ್ನಬೇಕು, ಹಗಲಿನಲ್ಲಿಯೂ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಕಾಯಿಸಬಾರದು. ಅಡುಗೆಯವರ ಬದುಕು ಗೊತ್ತಿರುವವರಿಗೆ ಇದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ. ಕೊನೆಯ ಪಂಕ್ತಿ ಎದ್ದು, ಪಾತ್ರೆ ಲೆಕ್ಕ ಮುಗಿದು ನಮ್ಮ ಎಲೆ ಬೀಳುವಾಗ ಸಂಜೆ ನಾಲ್ಕಾಗಿರುತ್ತದೆ. ಅದರ ಮೇಲೆ ಏಕಾದಶಿ ಬೇರೆ. ಆತುರೇ ನಿಯಮೋ ನಾಸ್ತಿ ಎಂದು ಹಿರಿಯರು ರೋಗಿಗೆ ದಾರಿ ಬಿಟ್ಟಿದ್ದಾರೆ, ನಾನು ಆ ದಾರಿ ಹಿಡಿದಿದ್ದೇನೆ. ಈಗ ರಾತ್ರಿ ಒಂದು ಹಿಡಿ ಗಟ್ಟಿ ಅವಲಕ್ಕಿ, ಒಂದು ಲೋಟ ಹಾಲು, ಬೆಲ್ಲವಿಲ್ಲ. ಸಕ್ಕರೆ ಕಾಯಿಲೆಯೂ ಇರುವುದರಿಂದ ಮಾತ್ರೆಯ ಹೊತ್ತನ್ನು ವೈದ್ಯರು ಅದಕ್ಕೆ ತಕ್ಕಂತೆ ಬದಲಿಸಿದರು.

ಎರಡನೆಯ ಭಾಗ ಅಡುಗೆಮನೆ. ಇಲ್ಲಿ ನನ್ನ ಸಹನೆ ಕೆಟ್ಟಿತು.

ಅಮೃತಶಿಲೆಯ ಕಟ್ಟೆ, ಬಿಳಿ ಕಪಾಟು, ಕಿಟಕಿಯಾಚೆ ಯಾವುದೋ ದೇಶದ ಹುಲ್ಲುಹಾಸು. ಒರಳಿಲ್ಲ, ಈಳಿಗೆ ಮಣೆಯಿಲ್ಲ, ಉಪ್ಪಿನ ಮರಿಗೆಯಿಲ್ಲ. ಹುಳಿ ಎಂದು ತೋರಿಸಿದ ಪಾತ್ರೆಯಲ್ಲಿ ಕೆಂಪು ಬಣ್ಣದ ದ್ರವ, ಅದರ ಮೇಲೆ ತೇಲುವ ನುಗ್ಗೆಕಾಯಿ. ನುಗ್ಗೆಕಾಯಿ ಬೆಂದ ಮೇಲೆ ತೇಲುವುದಿಲ್ಲ ಎಂದು ಇದನ್ನು ಮಾಡಿದವರಿಗೆ ಯಾರೂ ಹೇಳಿಲ್ಲ. ಒಗ್ಗರಣೆ ಹಾಕಿದರೆ ಚಟಪಟ ಸದ್ದು ಬರುತ್ತದೆ, ಇಂಗಿನ ಘಮ ಬರುವುದಿಲ್ಲ. ಮೂಗಿನಿಂದ ಅಡುಗೆ ಮಾಡಿದವನನ್ನು ವಾಸನೆಯೇ ಇಲ್ಲದ ಅಡುಗೆಮನೆಯಲ್ಲಿ ಕೂರಿಸಿದರೆ ಕೈ ಓಡುವುದಿಲ್ಲ. ಊಟ ಬಡಿಸಲು ಭಾಗ ಭಾಗ ಮಾಡಿದ ದುಂಡು ತಟ್ಟೆ ಇದೆ, ಬಾಳೆ ಎಲೆ ಇಲ್ಲ. ರಾಗಿ ಮುದ್ದೆ ಇದೆ, ಸಂತೋಷ. ಅದನ್ನು ಚಮಚದಿಂದ ಕತ್ತರಿಸಿ ತೋರಿಸುತ್ತಾರೆ.

ಇಷ್ಟು ಬೈದ ಮೇಲೆ ಒಳ್ಳೆಯದನ್ನೂ ಹೇಳಬೇಕು. ಆ ಅಡುಗೆಮನೆಯಲ್ಲಿ ಒಂದು ಗಾಜಿನ ಬಟ್ಟಲು ಇದೆ. ನೀವು ತಟ್ಟೆಗೆ ಏನೇ ಹಾಕಿದರೂ ಅದರಲ್ಲಿರುವ ಉಪ್ಪು ಆ ಬಟ್ಟಲಿಗೆ ಸುರಿಯುತ್ತದೆ. ದಿನಕ್ಕೆ 2 ಗ್ರಾಂ ಸೋಡಿಯಂ, ಎಂದರೆ ಎಲ್ಲ ಸೇರಿ ಸುಮಾರು 5 ಗ್ರಾಂ ಉಪ್ಪು, ಒಂದು ಸಣ್ಣ ಚಮಚದಷ್ಟು. ಅಲ್ಲಿಗೆ ಒಂದು ಕೆಂಪು ಗೆರೆ. ಅನ್ನಕ್ಕೆ ಏನೂ ಬೀಳುವುದಿಲ್ಲ. ಹುಳಿ ಹಾಕಿದರೆ ಬಟ್ಟಲು ಏರುತ್ತದೆ. ಒಂದು ಮಾವಿನ ಮಿಡಿ ಇಟ್ಟರೆ ಜಿಗಿಯುತ್ತದೆ. ಹಪ್ಪಳ, ಬಾಳಕದ ಮೆಣಸಿನಕಾಯಿ ಇಡುವ ಹೊತ್ತಿಗೆ ಗೆರೆ ಮುಳುಗಿರುತ್ತದೆ. ನಾನು ಕುಳಿತಲ್ಲೇ ನನ್ನ ಲೆಕ್ಕ ಹಾಕಿದೆ. ನೂರು ಜನರ ಹುಳಿಗೆ ಕಾಲು ಕಿಲೋ ಉಪ್ಪು ಬೀಳುತ್ತದೆ, ತಲೆಗೆ ಎರಡೂವರೆ ಗ್ರಾಂ. ಒಂದು ಊಟದ ಒಂದೇ ಪದಾರ್ಥದಲ್ಲಿ ದಿನದ ಅರ್ಧ ಪಾಲು ಮುಗಿಯಿತು. ಸಾರು, ಪಲ್ಯ, ಕೋಸಂಬರಿ, ಮಜ್ಜಿಗೆ ಇನ್ನೂ ಬಾಕಿ. ಇಷ್ಟು ವರ್ಷ ತೂಗಿ ಹಾಕಿದ ಉಪ್ಪನ್ನು ತಲೆಗೆ ಇಷ್ಟೆಂದು ಭಾಗಿಸಿ ನೋಡುವ ಸಂದರ್ಭ ನನ್ನ ಕಸುಬಿನಲ್ಲಿ ಬಂದಿರಲಿಲ್ಲ.

ಬಟ್ಟಲಿಗೂ ಒಂದು ಕುರುಡು ಇದೆ. ಬೋಂಡಾ ಇಟ್ಟಾಗ ಅದು ಉಪ್ಪನ್ನು ಮಾತ್ರ ಎಣಿಸಿತು. ಹಿಟ್ಟಿಗೆ ಬೀಳುವ ಅಡುಗೆ ಸೋಡಾದಲ್ಲಿಯೂ ಸೋಡಿಯಂ ಇದೆ, ತೂಕದ ಕಾಲು ಭಾಗಕ್ಕಿಂತ ಹೆಚ್ಚು. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರದಲ್ಲಿಯೂ ಇದೆ. ನಾನು ಕೇಳಿದಾಗ ಆ ಆಹಾರ ತಜ್ಞೆ, ‘ಹೌದು ಭಟ್ಟರೇ, ಅದು ಇದರಲ್ಲಿ ಬಿಟ್ಟುಹೋಗಿದೆ’ ಎಂದು ಒಪ್ಪಿಕೊಂಡು ಬರೆದಿಟ್ಟುಕೊಂಡರು. ಸೈಂಧವ ಲವಣಕ್ಕೆ ಬದಲಾಯಿಸಲೇ ಎಂದು ಕೇಳುವವರಿಗೂ ಅವರು ಹೇಳುವುದು ಒಂದೇ: ಸೋಡಿಯಂ ವಿಷಯದಲ್ಲಿ ಅದಕ್ಕೂ ಪುಡಿ ಉಪ್ಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ಇನ್ನೂ ಎಚ್ಚರದ ವಿಷಯ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಹೊಟ್ಟೆಯ ನೀರು ಇಳಿಸಲು ಕೊಡುವ ಸ್ಪಿರೊನೊಲ್ಯಾಕ್ಟೋನ್ ಮಾತ್ರೆ ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಜಾತಿಯದು. ಎರಡೂ ಕೂಡಿದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಈ ಮಾತು ಕನ್ನಡಕದಲ್ಲಿ ಎಲ್ಲಿಯೂ ಬರುವುದಿಲ್ಲ. ಮಾತ್ರೆಗಳ ಚೀಟಿಯನ್ನು ಕೈಯಲ್ಲಿ ಹಿಡಿದು ಕುಳಿತವರ ಬಾಯಿಂದ ಬಂತು.

ಬೇಳೆಯ ವಿಷಯದಲ್ಲಿಯೂ ಹೀಗೆಯೇ. ಲಿವರ್ ಕೆಟ್ಟವರು ಬೇಳೆ, ಹಾಲು ಬಿಡಬೇಕು ಎಂಬ ನಂಬಿಕೆ ಊರೆಲ್ಲ ಇದೆ, ಹಿಂದೆ ವೈದ್ಯರೂ ಹೇಳುತ್ತಿದ್ದರಂತೆ. ಈಗಿನ ಶಿಫಾರಸು ತದ್ವಿರುದ್ಧ: ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ತೂಕ ಎಂದರೆ ಹೊಟ್ಟೆಯ ನೀರನ್ನು ಬಿಟ್ಟು ಉಳಿದದ್ದು. 60 ಕಿಲೋದವನಿಗೆ 72ರಿಂದ 90 ಗ್ರಾಂ. ಮಂಕು ಬರುವವರಿಗೂ ಪ್ರೋಟೀನ್ ಕಡಿತ ಮಾಡುವುದಿಲ್ಲ. ಬೇಳೆಕಾಳು, ಹಾಲು ಮೊಸರಿನದಾದರೆ ಅವರಿಗೆ ಇನ್ನೂ ಒಳ್ಳೆಯದು. ಸಸ್ಯಾಹಾರಿಗೆ ಇದು ಸುಲಭದ ಗುರಿಯಲ್ಲ. ಕನ್ನಡಕದೊಳಗೆ ಒಂದು ಬಟ್ಟಲು ಹುಳಿ ಇಟ್ಟರೆ ಇಷ್ಟು ಪ್ರೋಟೀನ್ ಎಂದು ಅಂಕಿ ಬರುತ್ತದೆ. ಯಾವ ಹುಳಿ? ನೂರು ಜನಕ್ಕೆ ನಾಲ್ಕು ಕಿಲೋ ತೊಗರಿಬೇಳೆ ಹಾಕಿದ ಹುಳಿಯೇ, ಎರಡು ಕಿಲೋ ಹಾಕಿ ಅಕ್ಕಿಹಿಟ್ಟು ಕದಡಿ ಗಟ್ಟಿ ಮಾಡಿದ ಹುಳಿಯೇ? ಮೊದಲ ಪಂಕ್ತಿಯದೇ, ಬಿಸಿನೀರು ಬೆರೆಸಿದ ಮೂರನೆಯ ಪಂಕ್ತಿಯದೇ? ನಾನು ಇದನ್ನು ಕೇಳಿದಾಗ ಆಹಾರ ತಜ್ಞೆ ಜೋರಾಗಿ ನಕ್ಕು, ನನ್ನ ಕನ್ನಡಕ ಬಿಚ್ಚಿಸಿ, ಮನೆಯಲ್ಲಿ ನಾಲ್ಕು ಜನಕ್ಕೆ ಎಷ್ಟು ಪಾವು ಬೇಳೆ ಬೇಯಿಸುತ್ತೀರಿ ಎಂದು ಮೊದಲಿನಿಂದ ಶುರು ಮಾಡಿದರು. ಹೆಸರುಬೇಳೆ ಕೋಸಂಬರಿಯನ್ನು ಉಪ್ಪಿಲ್ಲದೆ, ನಿಂಬೆಹುಳಿ ಮತ್ತು ತೆಂಗಿನ ತುರಿಯಲ್ಲಿ ಮಾಡಿ ಪಲ್ಯದಷ್ಟೇ ಬಡಿಸಿಕೊಳ್ಳಿ ಎಂದು ಅಲ್ಲಿಯೇ ತೀರ್ಮಾನವಾಯಿತು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ, ಉಳಿದ ದಿನಗಳಲ್ಲಿ ಮೊಳಕೆ ಕಟ್ಟಿದ ಹುರುಳಿ, ಹುರಿದ ಕಡಲೆಕಾಯಿ ಬೀಜ.

ಮೂರನೆಯ ಭಾಗದ ಹೆಸರು ‘ಔತಣ’. ಮದುವೆ ಮನೆಯಲ್ಲಿ ನೀವು ಕುಳಿತಿದ್ದೀರಿ, ಒಬ್ಬ ಚಿಕ್ಕಮ್ಮ ಬಂದು ಉಪ್ಪಿನಕಾಯಿ, ಹಪ್ಪಳ, ಹೋಳಿಗೆ ಹಾಕಲು ಬರುತ್ತಾರೆ, ನೀವು ಬೇಡ ಎನ್ನುವುದನ್ನು ಅಭ್ಯಾಸ ಮಾಡಬೇಕು. ಯೋಚನೆ ಬಹಳ ಚೆನ್ನಾಗಿದೆ. ಪಥ್ಯ ಮುರಿಯುವುದು ಮನೆಯಲ್ಲಿ ಕಡಿಮೆ, ಇಂಥ ಪಂಕ್ತಿಯಲ್ಲಿ ಹೆಚ್ಚು. ಆದರೆ ಆ ಚಿಕ್ಕಮ್ಮ ಒಂದು ಸಲ ‘ಬೇಡ’ ಎಂದ ಕೂಡಲೇ ‘ಸರಿ, ನಿಮ್ಮ ಆರೋಗ್ಯ ಮುಖ್ಯ’ ಎಂದು ಮುಂದಿನ ಎಲೆಗೆ ಹೋಗುತ್ತಾರೆ. ಹಾಸನ ಜಿಲ್ಲೆಯ ಯಾವ ಚಿಕ್ಕಮ್ಮನೂ ಹೀಗೆ ಮಾಡಿದ್ದಿಲ್ಲ. ಬಡಿಸುವ ಹುಡುಗರಿಗೆ ನಾನೇ ಕಲಿಸಿದ್ದೇನೆ: ಮೊದಲ ಬೇಡ ನಾಚಿಕೆಗೆ, ಎರಡನೆಯದು ಮರ್ಯಾದೆಗೆ, ಮೂರನೆಯ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲಿಸು, ಆಗಲೂ ಬೆರಳ ಸಂದಿಯಲ್ಲಿ ತುಪ್ಪ ಬಿಡು. ಆ ಚಿಕ್ಕಮ್ಮನಿಗೆ ‘ನನ್ನಾಣೆ, ಒಂದೇ ಒಂದು’ ಎನ್ನುವುದನ್ನು ಕಲಿಸದಿದ್ದರೆ ಈ ಅಭ್ಯಾಸ ವ್ಯರ್ಥ. ಅಳುಕಿನಿಂದ ಹೇಳುವ ಬೇಡಕ್ಕೆ ಈ ಲೋಕದಲ್ಲಿ ಬೆಲೆ ಇಲ್ಲ. ‘ವೈದ್ಯರು ಹೇಳಿದ್ದಾರೆ, ಹಾಕಿದರೆ ಎಲೆ ಬಿಟ್ಟು ಏಳುತ್ತೇನೆ’ ಎನ್ನಬೇಕು.

ಕಾಫಿಯ ಮೇಲೆ ನನಗೆ ಬಂದ ಸಿಟ್ಟನ್ನೂ ಬರೆಯದೆ ಬಿಡಲಾರೆ. ಪಾನೀಯಗಳ ಕಪಾಟಿನಲ್ಲಿ ಫಿಲ್ಟರ್ ಕಾಫಿಯನ್ನು ಬಾಟಲಿ ಶರಬತ್ತುಗಳ ಸಾಲಿನಲ್ಲಿ, ‘ಕಡಿಮೆ ಮಾಡಿ’ ಎಂಬ ಹಲಗೆಯ ಕೆಳಗೆ ಇಟ್ಟಿದ್ದಾರೆ. ಕಾಫಿ ಕುಡಿಯುವವರಲ್ಲಿ ಲಿವರಿನ ಗಾಯ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಕೆಡುಕು ಇರುವುದು ಸಕ್ಕರೆಯಲ್ಲಿ. ಸಕಲೇಶಪುರದ ತೋಟಗಳು ಒಂದು ಗಂಟೆಯ ದಾರಿಯಲ್ಲಿರುವ ಊರಿನಲ್ಲಿ ಈ ಅಪಚಾರ. ಆಹಾರ ತಜ್ಞೆ ನನಗೆ ಸಕ್ಕರೆಯಿಲ್ಲದ ಕಾಫಿಗೆ ಅನುಮತಿ ಕೊಟ್ಟಿದ್ದಾರೆ.

ಇನ್ನು ಅಲ್ಲಿನ ಸಣ್ಣಪುಟ್ಟ ತೊಂದರೆಗಳು. ಓದುವ ಕನ್ನಡಕದ ಮೇಲೆ ಇದನ್ನು ಹಾಕಿದರೆ ಮೂಗು ನೋಯುತ್ತದೆ, ತೆಗೆದರೆ ಒಳಗಿನ ಅಕ್ಷರ ಕಾಣುವುದಿಲ್ಲ. ಪೊಟ್ಟಣದ ಮೇಲಿನ ಸೋಡಿಯಂ ಅಂಕಿ ಓದುವ ಪಾಠವಂತೂ ಇಂಗ್ಲಿಷಿನಲ್ಲಿ, ಇರುವೆ ಗಾತ್ರದಲ್ಲಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಜಾರಿಸುವಾಗ ತಲೆ ಸುತ್ತುತ್ತದೆ, ಏಕೆಂದರೆ ನಡೆಯುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ, ಕುಳಿತಿದ್ದೇನೆ ಎಂದು ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ. ಮೊದಲೇ ವಾಕರಿಕೆ ಇರುವ ರೋಗಿಗೆ ಇದು ಬೇಕಿಲ್ಲ. ಕಣ್ಣು ಮುಚ್ಚಿಕೊಳ್ಳಿ ಎಂದು ಮುಂಚೆಯೇ ಎಚ್ಚರಿಸುತ್ತಾರೆ, ಆದರೂ ಸರಿಪಡಿಸಬಹುದಾಗಿತ್ತು. ಹಣೆಗೆ ತಾಗುವ ಮೆತ್ತೆಯನ್ನು ಒರೆಸಿ ಕೊಡುತ್ತಾರೆ, ಹಿಂದಿನವರ ಬೆವರಿನ ತಣ್ಣನೆ ಹಾಗೆಯೇ ಇರುತ್ತದೆ. ನಾನು ಮಡಿಯವನು ಎಂದು ಗೊಣಗುತ್ತಿಲ್ಲ, ಸೋಂಕು ಬೇಗ ತಗಲುವ ರೋಗಿಗಳು ಬರುವ ಜಾಗ ಅದು. ಎಸೆಯುವಂಥ ಕಾಗದದ ಹೊದಿಕೆ ಇಡಲಿ.

ನಮ್ಮ ಮನೆಯವಳಿಗೂ ಒಮ್ಮೆ ತೊಡಿಸಿದರು. ಅಡುಗೆಯವನ ಮನೆಯಲ್ಲಿ ಅಡುಗೆ ಮಾಡುವವಳು ಅವಳು, ಪಾಠ ತಲುಪಬೇಕಾದದ್ದು ಅವಳಿಗೆ. ‘ಒಲೆಯ ಶಾಖವಿಲ್ಲ, ಮೆಣಸಿನಕಾಯಿಯ ಘಾಟಿಲ್ಲ, ಪಾತ್ರೆ ತೊಳೆಯುವ ಕೆಲಸವಿಲ್ಲ, ಈ ಅಡುಗೆಮನೆಯನ್ನೇ ಮನೆಗೆ ಒಯ್ಯೋಣ’ ಎಂದಳು. ಆದರೆ ಗಾಜಿನ ಬಟ್ಟಲನ್ನು ಅವಳು ನನಗಿಂತ ಚೆನ್ನಾಗಿ ಹಿಡಿದುಕೊಂಡಳು. ಅನ್ನ, ಚಪಾತಿ ಹಿಟ್ಟು, ಅಕ್ಕಿರೊಟ್ಟಿಗೆ ಉಪ್ಪು ನಿಂತಿತು. ನನ್ನ ಪಾಲಿನ ಉಪ್ಪನ್ನು ಬೆಳಿಗ್ಗೆಯೇ ಅಳೆದು ಒಂದು ಸಣ್ಣ ಡಬ್ಬಿಗೆ ಹಾಕಿಡುತ್ತಾಳೆ. ನನ್ನ ಸಾರು ಹುಳಿಗಳನ್ನು ಉಪ್ಪಿಲ್ಲದೆ ಬೇರೆ ತೆಗೆದು, ಆ ಡಬ್ಬಿಯಿಂದಲೇ ಮೇಲೆ ಉದುರಿಸುತ್ತಾಳೆ. ಖಾಲಿಯಾದರೆ ಖಾಲಿ, ರಾತ್ರಿಗೆ ಚಪ್ಪೆ. ಹಾಲಿನಲ್ಲಿ, ತರಕಾರಿಯಲ್ಲಿ ತಾನಾಗಿಯೇ ಇರುವ ಸೋಡಿಯಂ ಕೂಡ ಲೆಕ್ಕಕ್ಕೆ ಬರುವುದರಿಂದ ಡಬ್ಬಿಯನ್ನು ಪೂರ್ತಿ 5 ಗ್ರಾಂಗೆ ತುಂಬಿಸಬೇಡಿ ಎಂದು ಆಹಾರ ತಜ್ಞೆ ಹೇಳಿದ್ದರು. ಅದನ್ನು ಅವಳು ಸ್ವಲ್ಪ ಅತಿಯಾಗಿಯೇ ಪಾಲಿಸುತ್ತಿದ್ದಾಳೆ.

ಹೊಟ್ಟೆಯ ನೀರು ಈಗ ಇಳಿದಿದೆ. ಅದರ ಕೀರ್ತಿಯನ್ನು ಕನ್ನಡಕಕ್ಕೆ ಕೊಡಲು ನಾನು ಸಿದ್ಧನಿಲ್ಲ. ಮಾತ್ರೆಗಳ ಕೆಲಸ ದೊಡ್ಡದು. ಉಪ್ಪು ಹಿಡಿತದಲ್ಲಿಲ್ಲದಿದ್ದರೆ ಆ ಮಾತ್ರೆಗಳೂ ಸೋಲುತ್ತವೆ ಎನ್ನುವುದು ಮಾತ್ರ ಬಟ್ಟಲು ನೋಡಿದ ಮೇಲೆ ಮನಸ್ಸಿನಲ್ಲಿ ನಿಂತಿದೆ.

ದರ ಹೀಗಿದೆ: ಕನ್ನಡಕ ಸಹಿತ ಸಲಹೆಗೆ 1,200 ರೂಪಾಯಿ, ಬರೀ ಸಲಹೆಗೆ 400. ಹೊಸದಾಗಿ ಕಾಯಿಲೆ ಗೊತ್ತಾಗಿ, ಏಕೆ ಪಥ್ಯ ಎಂಬುದೇ ಅರ್ಥವಾಗದೆ ಮನೆಯಲ್ಲಿ ಜಗಳವಾಡುತ್ತಿರುವವರು ಒಮ್ಮೆ 1,200 ಕೊಡಬಹುದು, ರಾತ್ರಿಯ ದೃಶ್ಯ ಮತ್ತು ಉಪ್ಪಿನ ಬಟ್ಟಲಿಗೆ ಅಷ್ಟು ಬೆಲೆ ಇದೆ. ಅದರ ನಂತರ 400ರದ್ದೇ ಸಾಕು. ಆಗ ಆಹಾರ ತಜ್ಞೆಗೆ ನಿಮ್ಮ ಮುಖ ಕಾಣುತ್ತದೆ, ಕೇಳಬೇಕಾದ್ದನ್ನು ಕೇಳುತ್ತಾರೆ. ನನ್ನನ್ನು ಹಾಗೆ ಕೇಳಿಯೇ ಅಮೃತಬಳ್ಳಿ ಕಷಾಯವನ್ನು ಬಿಡಿಸಿದರು. ಕೊರೊನಾ ಕಾಲದಲ್ಲಿ ಊರೆಲ್ಲ ಕುಡಿದ ಆ ಕಷಾಯದಿಂದ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಕನ್ನಡಕದ ಕಪಾಟಿನಲ್ಲಿ ಕಷಾಯದ ಸುದ್ದಿಯೇ ಇಲ್ಲ.

ಹೋಗುವವರು ಮಾತ್ರೆಗಳ ಚೀಟಿ, ಓದುವ ಕನ್ನಡಕ, ಮನೆಯ ಉಪ್ಪಿನ ಚಮಚ ಒಯ್ಯಿರಿ, ಅಡುಗೆ ಮಾಡುವವರನ್ನು ಕರೆದುಕೊಂಡೇ ಹೋಗಿ. ಹನ್ನೊಂದಕ್ಕೆ ಕೊಟ್ಟ ಸಮಯ ಒಂದಕ್ಕೆ ಬರುತ್ತದೆ. ಮೂರು ಗಂಟೆಗೊಮ್ಮೆ ತಿನ್ನಿ ಎಂದು ಪಾಠ ಹೇಳುವ ಜಾಗದಲ್ಲಿ ರೋಗಿಗೆ ತಿನ್ನಲು ಏನೂ ಸಿಗುವುದಿಲ್ಲ, ಆದ್ದರಿಂದ ಮೊಸರನ್ನವನ್ನೋ ಉಪ್ಪಿಲ್ಲದ ಹುರಿಗಡಲೆಯನ್ನೋ ಕಟ್ಟಿಕೊಂಡು ಹೋಗಿ. ಕೆಳಗಿನ ಮಹಡಿಯಲ್ಲಿ ಒಂದು ಕ್ಯಾಂಟೀನ್ ಇದೆ. ಅಲ್ಲಿ ಬೋಂಡಾ, ಖಾರಾಬಾತ್, ಉಪ್ಪು ಮೆತ್ತಿದ ಚಿಪ್ಸ್ ಬಿಟ್ಟರೆ ಬೇರೇನಿಲ್ಲ, ಮತ್ತು ಬೋಂಡಾಕ್ಕೆ ಸೋಡಾ ಹೆಚ್ಚಾಗಿದೆ.